ಸಭೆ ಕರೆಯೋದಾ, ಮನೆಗೇ ಹೋಗೋದಾ?

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರ ಗುಂಪಿಗೆ ಹೊಸದಾಗಿ ಅಧ್ಯಕ್ಷರಾದ ಗೆಳೆಯರ ಪ್ರಶ್ನೆ: ಕೊಳೆರೋಗಕ್ಕೆ ಎಲ್ಲರೂ ಮಳೆಗೆ ಮುಂಚೆಯೇ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆಯುವಂತೆ ಒಪ್ಪಿಸುವುದು ಹೇಗೆ?

ಸಮಯ ಕಡಿಮೆಯಿದ್ದರೆ ಸಭೆಯೇ ಸಲೀಸು. 100 ಲೀಟರ್ ನೀರಿಗೆ ತಲಾ 1 ಕೆಜಿ ಮೈಲುತುತ್ತ, ಸುಣ್ಣ ಅಂತ ಒಮ್ಮೆಗೇ ಹೇಳಬಹುದು. ಖರ್ಚಿನ ಲೆಕ್ಕವಂತೂ ಅಲ್ಲೇ ಆಗಬೇಕು, ಇಲ್ಲದಿದ್ದರೆ ಗುಸುಗುಸು ಶುರು. ದಿನಾಂಕ ನೆನಪಿಸಲು ವಾಟ್ಸಾಪ್ ಸಾಕು.

ಮುನಿಸಿದ್ದಲ್ಲಿ ಮಾತ್ರ ಸಭೆಯಿಂದ ಏನೂ ಆಗುವುದಿಲ್ಲ. ನಾನೊಮ್ಮೆ ಎಲ್ಲರೆದುರು ಹಿರಿಯರೊಬ್ಬರ ಮಾತು ತಡೆದೆ. ಅವರು ವರ್ಷವಿಡೀ ಬರಲಿಲ್ಲ. ತಪ್ಪು ನನ್ನದೇ ಅಂತ ಹೊಳೆಯಲು ತಡವಾಯಿತು. ಕೊನೆಗೆ ಅವರ ಜಗುಲಿಯಲ್ಲಿ ಕೂತು, ಎಲೆಯಡಿಕೆ ಕವಳ ಹಾಕಿ, ಅರ್ಧ ಗಂಟೆ ಸುಮ್ನೆ ಕೇಳಿದೆ. ಸಿಟ್ಟು ಔಷಧಿಯ ಮೇಲಲ್ಲ, ಹಳೇ ಬೇಲಿ ಜಗಳದ್ದು!

ಎಲ್ಲರ ಮನೆ ಸುತ್ತಲು ವಾರಗಳೇ ಬೇಕು. ಸಭೆಗೆ ಬಾರದ ಮೂರ್ನಾಲ್ಕು ಮನೆಗೆ ಮೊದಲು ಹೋಗಿ.