ಟ್ಯಾನ್ ಆಗಿರುವ ಮುಖಕ್ಕೆ ಲೈಟ್ ಟ್ರೀಟ್‌ಮೆಂಟ್ ಮಾಡಿಸಬೇಡಿ

ನನ್ನ ಎಡಗೆನ್ನೆಯ ಮೇಲೆ ಚೌಕಾಕಾರದ ಎರಡು ಕಂದು ಗುರುತುಗಳಿವೆ. ಎಂಟು ತಿಂಗಳಾದರೂ ಪೂರ್ತಿ ಹೋಗಿಲ್ಲ. ಇವು ಬಿಸಿಲಿಗೆ ಬಂದ ಕಲೆಗಳಲ್ಲ. ಬಿಸಿಲಿನ ಕಲೆ ತೆಗೆಸಲು ಹೋದಾಗ ಬಿದ್ದ ಸುಟ್ಟ ಗುರುತುಗಳು.

ವರ್ಷಗಟ್ಟಲೆ ಬಿಸಿಲಲ್ಲಿ ಓಡಾಡಿ ಕೆನ್ನೆ, ಹಣೆ ಎಲ್ಲಾ ಕಲೆಯಾಗಿತ್ತು. ಒಂದು ಸ್ಕಿನ್ ಕ್ಲಿನಿಕ್‌ಗೆ ಹೋದೆ. ಅಲ್ಲಿದ್ದವರು ಮುಖವನ್ನು ದೂರದಿಂದಲೇ ನೋಡಿ, 'ಲೇಸರ್ ಮಾಡೋಣ, ನಾಲ್ಕು ಸಿಟ್ಟಿಂಗ್ ಸಾಕು' ಅಂದರು. ಇತ್ತೀಚೆಗೆ ಬಿಸಿಲಿಗೆ ಹೋಗಿದ್ದಿರಾ, ರಾತ್ರಿ ಯಾವ ಕ್ರೀಮ್ ಹಚ್ಚುತ್ತೀರಿ ಅಂತ ಒಂದು ಮಾತೂ ಕೇಳಲಿಲ್ಲ. ಅದರ ಹಿಂದಿನ ವಾರವಷ್ಟೇ ನಾನು ಮೂರು ದಿನ ಸುಡುಬಿಸಿಲಲ್ಲಿದ್ದೆ. ಚರ್ಮವನ್ನು ಸೂಕ್ಷ್ಮವಾಗಿಸುವ ರೆಟಿನಾಯ್ಡ್ ಕ್ರೀಮನ್ನೂ ಹಚ್ಚುತ್ತಿದ್ದೆ. ಇದನ್ನು ಹೇಳಬೇಕು ಅಂತ ನನಗೆ ಗೊತ್ತಿರಲಿಲ್ಲ.

ಕಣ್ಣಿಗೆ ಪಟ್ಟಿ ಕಟ್ಟಿ, ತಣ್ಣನೆಯ ಜೆಲ್ ಹಚ್ಚಿದರು. ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ ಚುರುಕ್ ಅನ್ನುತ್ತೆ, ಅಷ್ಟೇ ಅಂದಿದ್ದರು. ಮೊದಲ ಎರಡು ಸಲ ಬೆಳಕು ಬಿಟ್ಟಾಗ ಹಾಗೇ ಇತ್ತು. ಕೆನ್ನೆಗೆ ಬಂದಾಗ ಕಾದ ಎಣ್ಣೆ ಸಿಡಿದ ಹಾಗಾಯಿತು. 'ತುಂಬಾ ಉರೀತಿದೆ' ಅಂದೆ. 'ಸ್ವಲ್ಪ ತಡ್ಕೊಳ್ಳಿ ಮೇಡಮ್, ರಿಸಲ್ಟ್ ಬರ್ಬೇಕಲ್ವಾ' ಅಂದರು. ತಡೆದುಕೊಂಡೆ. ಅಲ್ಲೇ ಎದ್ದು ಬರಬೇಕಿತ್ತು. ಈಗಲೂ ಹೆಚ್ಚು ನೋವಾಗುವುದು ಅದಕ್ಕೇ. ಸಹಿಸಿಕೊಳ್ಳುವ ಚುರುಕು ಬೇರೆ, ಸುಡುವ ಉರಿ ಬೇರೆ. ಉರಿ ಅನ್ನಿಸಿದ ಕೂಡಲೇ ನಿಲ್ಲಿಸಿ ಅನ್ನಿ. ಅವರು ನಿಲ್ಲಿಸಲೇಬೇಕು.

ಸಂಜೆಗೆ ಮುಖ ಊದಿತು. ಮಾರನೇ ದಿನ ಗುಳ್ಳೆ. ಫೋನ್ ಮಾಡಿದರೆ, ಅದೆಲ್ಲ ನಾರ್ಮಲ್ ಅಂದರು. ಹಕ್ಕಳೆ ಉದುರಿ ಗುಲಾಬಿ ಬಣ್ಣದ ಚರ್ಮ ಕಂಡಾಗ ಸಮಾಧಾನವಾಯಿತು. ಮೂರನೇ ವಾರಕ್ಕೆ ಅದೇ ಜಾಗ ಮೊದಲಿಗಿಂತ ಕಪ್ಪಾಯಿತು. ಮೆಷಿನ್ನಿನ ತುದಿ ಇಟ್ಟ ಕಡೆಯೆಲ್ಲ ಚೌಕ ಚೌಕ.

ಆಮೇಲೆ ಚರ್ಮರೋಗದ ಡಾಕ್ಟರ ಹತ್ತಿರ ಹೋದಾಗಲೇ ಏನಾಯಿತು ಅಂತ ಅರ್ಥವಾದದ್ದು. ನನಗೆ ಮಾಡಿದ್ದು ಲೇಸರ್ ಅಲ್ಲವೇ ಅಲ್ಲ, ಐಪಿಎಲ್, ಅಂದರೆ ಇಂಟೆನ್ಸ್ ಪಲ್ಸ್ಡ್ ಲೈಟ್ ಎಂಬ ಜೋರು ಬೆಳಕಿನ ಟ್ರೀಟ್‌ಮೆಂಟ್. ಲೇಸರ್‌ನಲ್ಲಿ ಒಂದೇ ತರಂಗಾಂತರದ ಬೆಳಕು ಇರುತ್ತದೆ. ಐಪಿಎಲ್‌ನಲ್ಲಿ ಸುಮಾರು 500ರಿಂದ 1,200 ನ್ಯಾನೋಮೀಟರ್ ವರೆಗಿನ ಬೆಳಕು ಒಟ್ಟಿಗೆ ಹೊಮ್ಮುತ್ತದೆ. ಅದನ್ನು ಹೀರಿಕೊಳ್ಳುವುದು ಮೆಲನಿನ್, ಅಂದರೆ ಚರ್ಮದ ಬಣ್ಣ. ಅದು ಕಲೆಯ ಬಣ್ಣವೋ, ಹೊಸ ಟ್ಯಾನೋ, ಹುಟ್ಟಿನಿಂದ ಬಂದ ಬಣ್ಣವೋ, ಬೆಳಕಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಬಣ್ಣ ಜಾಸ್ತಿ ಇದ್ದಷ್ಟೂ ಬಿಸಿ ಜಾಸ್ತಿ. ಫಿಟ್ಜ್‌ಪ್ಯಾಟ್ರಿಕ್ ಎಂಬ ಚರ್ಮರೋಗದ ಡಾಕ್ಟರು 1975ರಲ್ಲಿ ಮಾಡಿದ ಅಳತೆಯಲ್ಲಿ ಈಗ ಚರ್ಮಕ್ಕೆ 6 ಬಗೆಗಳಿವೆ. ಕಂದು ಚರ್ಮ 4 ಅಥವಾ 5, ತುಂಬಾ ಕಪ್ಪಾದದ್ದು 6. ಇಂಥ ಚರ್ಮಕ್ಕೆ ಐಪಿಎಲ್‌ನಿಂದ ಸುಡುವ ಭಯ ಹೆಚ್ಚು. 1064 ನ್ಯಾನೋಮೀಟರ್‌ನ ಎನ್‌ಡಿ ಯಾಗ್ ಎಂಬ ಬಗೆಯ ಲೇಸರ್ ಬೆಳಕನ್ನು ಮೆಲನಿನ್ ಕಡಿಮೆ ಹೀರುತ್ತದೆ. ಆದರೂ ಕೈ ಪಳಗಿದವರೇ ಮಾಡಬೇಕು.

ಇನ್ನೊಂದು ವಿಷಯ. ನಾನು ಬಿಸಿಲಿನ ಕಲೆ ಅಂದುಕೊಂಡದ್ದರಲ್ಲಿ ಅರ್ಧ ಬಂಗು. ಬಂಗು ಬಿಸಿ ತಾಗಿದರೆ ಇನ್ನಷ್ಟು ಕಪ್ಪಾಗಬಹುದು. ಹೆದರಿಕೆಯಾದದ್ದು ಅದಕ್ಕಿಂತ ಬೇರೆ ಮಾತಿಗೆ. ಬೆಳೆಯುತ್ತಿರುವ, ಬಣ್ಣ ಬದಲಿಸುತ್ತಿರುವ, ಮುಟ್ಟಿದರೆ ಒರಟಾಗಿರುವ ಕಲೆ ಕ್ಯಾನ್ಸರ್‌ನ ಶುರುವೂ ಆಗಿರಬಹುದಂತೆ. ಪರೀಕ್ಷೆ ಮಾಡದೆ ಬೆಳಕು ಹಾಯಿಸಿದರೆ ಮೇಲಿನ ಬಣ್ಣ ಹೋಗಿ, ರೋಗ ಒಳಗೇ ಉಳಿಯಬಹುದು. ನನ್ನ ಕಲೆಗಳನ್ನು ಕ್ಲಿನಿಕ್‌ನಲ್ಲಿ ಯಾರೂ ಹತ್ತಿರದಿಂದ ನೋಡಿಯೇ ಇರಲಿಲ್ಲ.

ಹಾಗಾಗಿ ಮೊದಲು ಚರ್ಮರೋಗದ ಡಾಕ್ಟರಿಗೆ ತೋರಿಸಿ. ಮೆಷಿನ್ನಿನ ಹೆಸರೇನು, ನನ್ನಂಥ ಬಣ್ಣದವರಿಗೆ ಎಷ್ಟು ಸಲ ಮಾಡಿದ್ದೀರಿ, ಸುಟ್ಟರೆ ಯಾರು ನೋಡುತ್ತಾರೆ, ಎಲ್ಲ ಕೇಳಿ. ಉತ್ತರ ಕೊಡಲು ಬೇಸರಪಟ್ಟರೆ ಎದ್ದು ಬನ್ನಿ. ಹಚ್ಚುವ ಕ್ರೀಮ್, ತಿನ್ನುವ ಮಾತ್ರೆ ಎಲ್ಲವನ್ನೂ ಅವರು ಕೇಳದಿದ್ದರೂ ಹೇಳಿ. ಕಪ್ಪಾದ ಮೇಲೆ ಯಾರೋ ಕೊಟ್ಟ ಸ್ಟೀರಾಯ್ಡ್ ಬೆರೆಸಿದ ಕ್ರೀಮನ್ನಂತೂ ಮುಟ್ಟಬೇಡಿ. ನಾನು ಅದನ್ನೂ ಹಚ್ಚಿದೆ. ಹತ್ತು ದಿನ ಮುಖ ತಿಳಿಯಾದಂತೆ ಕಂಡಿತು. ಬಿಟ್ಟ ಮೇಲೆ ಕೆಂಪು, ಉರಿ.

ಈಗ ದಿನಾ ಬಣ್ಣವಿರುವ ಸನ್‌ಸ್ಕ್ರೀನ್ ಹಚ್ಚುತ್ತಿದ್ದೇನೆ. ಅದರಲ್ಲಿರುವ ಐರನ್ ಆಕ್ಸೈಡ್, ಬಂಗು ಹೆಚ್ಚಿಸುವ, ಕಣ್ಣಿಗೆ ಕಾಣುವ ಮಾಮೂಲಿ ಬೆಳಕನ್ನೂ ತಡೆಯುತ್ತದೆ. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚುತ್ತೇನೆ. ಗುರುತು ನಿಧಾನವಾಗಿ ತಿಳಿಯಾಗುತ್ತಿದೆ. ಮೊನ್ನೆ ಡಾಕ್ಟರು ಒಂದು ಮೆತ್ತನೆಯ ಪೀಲ್ (ಔಷಧಿ ಹಚ್ಚಿ ಚರ್ಮದ ಮೇಲ್ಪದರ ತೆಗೆಯುವುದು) ಮಾಡಬಹುದು ಅಂದರು. ಆದರೆ ಮೊದಲು ಕಿವಿಯ ಹಿಂದೆ ಒಂದಿಷ್ಟೇ ಹಚ್ಚಿ, 'ಎರಡು ವಾರ ಬಿಟ್ಟು ಬನ್ನಿ, ನೋಡಿ ಮುಂದಿನದು ಹೇಳ್ತೀನಿ' ಅಂತ ಕಳಿಸಿದರು.

ಈ ವಾರ ಯಾರಾದರೂ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದರೆ, ಮುಖ ಟ್ಯಾನ್ ಆಗಿದ್ದರೆ, ಇವತ್ತೇ ಫೋನ್ ಮಾಡಿ ಮುಂದಕ್ಕೆ ಹಾಕಿ.