ಆಂಕಿ ಆಪ್: ಮುಂಬೈನ ಡೊಂಬಿವಲಿ ಲೋಕಲ್ ರೈಲಲ್ಲಿ ನಿಂತ್ಕೊಂಡೇ ಓದೋರಿಗೆ

ಬ್ಯಾಂಕ್ ಕೆಲ್ಸದ ಜೊತೆ ಜೆಎಐಐಬಿಗೆ (ಬ್ಯಾಂಕ್ ನೌಕರರು ಬರೆಯೋ ಪರೀಕ್ಷೆ) ಓದ್ತಿದೀರಾ, ಓದಿದ್ದು ತಲೇಲಿ ನಿಲ್ತಿಲ್ವಾ? ಹಾಗಿದ್ರೆ ಆಂಕಿ ಹಾಕ್ಕೊಳ್ಳಿ. 2006ರಲ್ಲಿ ಡೇಮಿಯನ್ ಎಲ್ಮ್ಸ್ ಅನ್ನೋರು ಶುರು ಮಾಡಿದ ಫ್ಲ್ಯಾಷ್‌ಕಾರ್ಡ್ ಸಾಫ್ಟ್‌ವೇರ್ ಇದು. ಕಂಪ್ಯೂಟರ್‌ಗೂ ಆಂಡ್ರಾಯ್ಡ್‌ಗೂ ಫ್ರೀ, ಐಫೋನ್ ಆಪ್‌ಗೆ ಮಾತ್ರ ದುಡ್ಡು. ಆಂಡ್ರಾಯ್ಡ್ ಆಪ್ ಹೆಸ್ರು ಆಂಕಿಡ್ರಾಯ್ಡ್, ಪ್ಲೇ ಸ್ಟೋರಲ್ಲಿ ಹಾಗಂತಾನೇ ಹುಡುಕಿ, ಹೆಚ್ಚುಕಮ್ಮಿ ಅದೇ ಹೆಸರಿನ ಬೇರೆ ಆಪ್‌ಗಳೂ ಇವೆ.

ಕಾರ್ಡಿನ ಮುಂದೆ ಪ್ರಶ್ನೆ, ಹಿಂದೆ ಉತ್ತರ. ಮನಸ್ಸಲ್ಲೇ ಉತ್ತರ ಹೇಳ್ಕೊಂಡು ಆಮೇಲೆ ತೆರೆದು ನೋಡ್ಬೇಕು, ಬರ್ಲಿಲ್ಲ ಅಂದ್ರೆ ಅಗೇನ್ ಬಟನ್ ಒತ್ಬೇಕು, ಬಂದ್ರೆ ಗುಡ್. ಹೊಸ ಕಾರ್ಡು ಗುಡ್ ಆದ್ರೆ ಸ್ವಲ್ಪ ಹೊತ್ತಲ್ಲೇ ಇನ್ನೊಂದ್ಸಲ ಬರುತ್ತೆ, ಆಗ್ಲೂ ಗುಡ್ ಆದ್ರೆ ನಾಳೆ ಬರುತ್ತೆ, ಆಮೇಲೆ ಎರಡ್ಮೂರು ದಿನ ಬಿಟ್ಟು, ಆಮೇಲೆ ವಾರ, ಹೀಗೆ ತಿಂಗಳುಗಟ್ಲೆ ದೂರ ಹೋಗುತ್ತೆ. ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲೇ ಜಾಸ್ತಿ ಮರೆತುಹೋಗುತ್ತೆ, ಆಮೇಲೆ ಮರೆಯೋದು ನಿಧಾನ ಆಗುತ್ತೆ ಅಂತ ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ತನ್ನ ಮೇಲೇ ಪ್ರಯೋಗ ಮಾಡ್ಕೊಂಡು 1885ರಲ್ಲೇ ಬರೆದಿದ್ದ, ಈ ಆಪ್ ನಿಂತಿರೋದು ಅದರ ಮೇಲೇನೇ. ಹೈಲೈಟರ್ ಹಾಕಿ ಹತ್ತು ಸಲ ಓದಿದ್ರೆ ಎಲ್ಲಾ ಗೊತ್ತು ಅನ್ಸುತ್ತೆ ಅಷ್ಟೇ, ಪುಸ್ತಕ ಮುಚ್ಚಿ ನೆನಪು ಮಾಡ್ಕೊಂಡಾಗ್ಲೇ ಅದು ಗಟ್ಟಿಯಾಗೋದು.

ಮುಖ್ಯವಾದ ಮಾತು: ಕಾರ್ಡು ನೀವೇ ಮಾಡಿ, ಚಿಕ್ಕದಾಗಿ ಮಾಡಿ. "ಬ್ಯಾಂಕ್ ರಾಷ್ಟ್ರೀಕರಣದ ಬಗ್ಗೆ ಬರೆಯಿರಿ" ಅನ್ನೋ ಕಾರ್ಡು ವೇಸ್ಟ್, ಅರ್ಧ ಗೊತ್ತಿರುತ್ತೆ ಅರ್ಧ ಇರಲ್ಲ, ಯಾವ ಬಟನ್ ಒತ್ತೋದು ಹೇಳಿ? ಅದನ್ನೇ ಒಡೀರಿ. ಮೊದಲ ರಾಷ್ಟ್ರೀಕರಣ ಯಾವಾಗ, 1969 ಜುಲೈ 19. ಎಷ್ಟು ಬ್ಯಾಂಕು, 14. ಎರಡನೇ ಸಲ ಯಾವಾಗ, 1980. ಆಗ ಎಷ್ಟು, 6. ರಿಸರ್ವ್ ಬ್ಯಾಂಕ್ ಶುರುವಾಗಿದ್ದು 1935, ಸರ್ಕಾರದ್ದಾಗಿದ್ದು 1949, ಇವೆರಡೂ ಬೇರೆ ಬೇರೆ ಕಾರ್ಡು. ಒಂದೊಂದಕ್ಕೂ ಉತ್ತರ ಹೇಳೋಕೆ ಐದು ಸೆಕೆಂಡ್ ಸಾಕು, ಹಾಗಾಗಿ ಠಾಣೆ ಸ್ಟೇಷನ್ ಬರೋದ್ರೊಳಗೆ ಒಂದು ಕೈಲಿ ಹ್ಯಾಂಡಲ್ ಹಿಡ್ಕೊಂಡು ಇನ್ನೊಂದು ಹೆಬ್ಬೆರಳಲ್ಲೇ ಎಷ್ಟೋ ಕಾರ್ಡು ಮುಗಿಯುತ್ತೆ, ಇಂಟರ್ನೆಟ್ಟೂ ಬೇಡ, ಪುಸ್ತಕ ಬಿಚ್ಚೋಕಂತೂ ಆ ರಶ್ಶಲ್ಲಿ ಸಾಧ್ಯಾನೇ ಇಲ್ಲ. ಬೇರೆಯವರು ಮಾಡಿಟ್ಟ ಡೆಕ್ (ಕಾರ್ಡಿನ ಕಟ್ಟು) ಡೌನ್‌ಲೋಡ್ ಮಾಡ್ಕೊಳ್ಬೋದು, ಆದ್ರೆ ಪಾಠ ಅರ್ಥ ಆಗದೇ ಬರೀ ಕಾರ್ಡ್ ಉರು ಹೊಡೆದ್ರೆ ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದ್ರೂ ಕೈಕೊಡುತ್ತೆ.

ನೋಡೋಕೆ ಆಪ್ ಚೆಂದ ಏನಿಲ್ಲ, ಸೆಟ್ಟಿಂಗ್ಸ್ ನೋಡಿದ್ರೆ ತಲೆ ಗಿರ್ ಅನ್ನುತ್ತೆ. ಎರಡೇ ಸಾಕು: ದಿನಕ್ಕೆ 20 ಹೊಸ ಕಾರ್ಡ್ ಅಂತ ಇರೋದನ್ನ 10 ಮಾಡ್ಕೊಳ್ಳಿ, ಎಫ್‌ಎಸ್‌ಆರ್‌ಎಸ್ ಅನ್ನೋ ಆಯ್ಕೆ ಆನ್ ಮಾಡಿ. ಅದು 2023ರಲ್ಲಿ ಬಂದಿದ್ದು, ನಿಮ್ಮ ಮರೆವಿನ ಲೆಕ್ಕ ನೋಡ್ಕೊಂಡು ಕಾರ್ಡು ಮತ್ತೆ ಬರೋ ಅಂತರ ಇಡುತ್ತೆ. ಗಣಪತಿ ಹಬ್ಬಕ್ಕೆ ಊರಿಗೆ ಹೋದಾಗ್ಲೂ ಹಳೇ ಕಾರ್ಡು ಬಿಡ್ಬೇಡಿ, ಹೊಸದು ನಿಲ್ಸಿ ಸಾಕು, ಇಲ್ಲಾಂದ್ರೆ ರಿವಿಷನ್ ಗುಡ್ಡೆ ಬೀಳುತ್ತೆ.

ಧಾರವಾಡದಿಂದ ಬಂದ ನನ್ನ ಹೆಂಡ್ತಿ ಮರಾಠಿ ಕಲಿತಿದ್ದೂ ಇದರಲ್ಲೇ. ಒಂಟಿ ಶಬ್ದ ಹಾಕ್ದೇ "ಪಾವ್ ಕಿಲೋ ಕಿತೀಲಾ?" (ಕಾಲು ಕಿಲೋ ಎಷ್ಟಕ್ಕೆ?) ಅಂತ ತರಕಾರಿ ಮಾರೋ ಭಾಜಿವಾಲಾನ ಹತ್ರ ಕೇಳೋ ಪೂರ್ತಿ ವಾಕ್ಯ ಹಾಕಿ, ಪಕ್ಕದ್ಮನೆ ಕಾಕು ದನೀಲೇ ರೆಕಾರ್ಡ್ ಮಾಡ್ಸಿದ್ಳು. ಅಕೌಂಟ್ಸ್ ಪೇಪರ್‌ಗೆ ಮಾತ್ರ ಇದನ್ನ ನಂಬ್ಕೊಂಡು ಕೂರ್ಬೇಡಿ, ಬ್ಯಾಲೆನ್ಸ್ ಶೀಟ್ ಪೆನ್ನು ಹಿಡಿದೇ ಬಿಡಿಸ್ಬೇಕು.