ಕಾರ್ಬನ್ ಫೈಬರ್ ದೋಟಿ: ಮೂರು ಕೊಯ್ಲು ಮುಗಿದ ಮೇಲೆ

ನೆಲದ ಮೇಲೆ ನಿಂತೇ ಅಡಿಕೆ ಕೊಯ್ಯಲು, ಔಷಧಿ ಹೊಡೆಯಲು ಬಳಸುವ, ಎಳೆದು ಉದ್ದ ಮಾಡುವ ಕೋಲು ದೋಟಿ. ಅದರ ಉದ್ದ, ತೂಕ, ಬೆಲೆ ಎಲ್ಲವನ್ನೂ ಮಾರುವವರೇ ಹೇಳುತ್ತಾರೆ. ಅವರು ಹೇಳದೇ ಬಿಟ್ಟದ್ದನ್ನು ನನಗೆ ಕಲಿಸಿದ್ದು ನನ್ನ ಷಡ್ಡಕ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ತೀರ್ಥಹಳ್ಳಿ ಹತ್ತಿರ ಎರಡು ಎಕರೆ ಹಳೇ ಅಡಿಕೆ ತೋಟ. ಎತ್ತರದ ಮರಗಳು 50 ಅಡಿ ಮುಟ್ಟುತ್ತವೆ. ಅಡಿಕೆ ಗೊನೆ ಕೊಯ್ಯುವ ನಮ್ಮ ಕೊನೆಗಾರರಿಗೆ ವಯಸ್ಸಾಯಿತು, ಅವರ ಮಕ್ಕಳು ಮರ ಹತ್ತುವ ಕೆಲಸಕ್ಕೆ ಬರಲಿಲ್ಲ. ಒಂದು ವರ್ಷ ಆರಿದ್ರಾ ಮಳೆ ಹಿಡಿದರೂ ಔಷಧಿ ಹೊಡೆಯಲು ಜನ ಸಿಗದೆ ಕಾಯಿ ಉದುರಿಸುವ ಕೊಳೆ ರೋಗ ಬಂತು. ಬುಡದಲ್ಲೆಲ್ಲ ಹಸಿ ಕಾಯಿ. ಇನ್ನು ದೋಟಿ ತರಲೇಬೇಕು ಅಂತ ಹೊರಟವನು ಆರಿಸಿದ್ದು 80 ಅಡಿಯದನ್ನು. ಉದ್ದ ಇದ್ದಷ್ಟೂ ಒಳ್ಳೆಯದು ಅಂತಲೇ ನನ್ನ ಲೆಕ್ಕ.

ಷಡ್ಡಕರಿಗೆ ದೋಟಿ ಅಂದರೆ ಊಟದ ನೆನಪಿರುವುದಿಲ್ಲ. ನಾಲ್ಕು ಥರದ್ದನ್ನು ಬಳಸಿ, ಬಿಚ್ಚಿ, ಜೋಡಿಸಿ ನೋಡಿದವರು. ಫೋನು ಮಾಡಿದರೆ, "ಭಾವ, ಈಗಲೇ ದುಡ್ಡು ಕೊಡಬೇಡಿ. ನಾಳೆ ಮಧ್ಯಾಹ್ನ ಗಾಳಿ ಏಳೋ ಹೊತ್ತಿಗೆ ನಮ್ಮ ತೋಟಕ್ಕೆ ಬನ್ನಿ" ಅಂದರು.

ಹೋದೆ. ಉದ್ದದ ದೋಟಿಯನ್ನು ಪೂರ್ತಿ ಎಳೆದು ನನ್ನ ಕೈಗೆ ಕೊಟ್ಟು, ಹತ್ತು ನಿಮಿಷ ನೆಟ್ಟಗೆ ಹಿಡಿದಿರಿ ಅಂದರು. ಆಮೇಲೆ ಪಕ್ಕದ ಮರಕ್ಕೆ ಓಲಿಸಿ ಅಂದರು. ತುದಿ ಬಾಗಿ ತೂಗಾಡಿತು, ನನ್ನ ಭುಜ ನಡುಗಿತು. "ಅಂಗಡಿ ಮುಂದೆ ಎಲ್ಲಾ ದೋಟಿನೂ ಹಗುರವೇ. ತೂಕ ಕೇಳೋದಾದ್ರೆ ಪೈಪಿನ ಸಮೇತ ಕೇಳಿ" ಅಂದರು. 8 ಮಿ.ಮೀ. ಒಳಗಾತ್ರದ ಪೈಪು 50 ಅಡಿ ಮೇಲೇರಿದರೆ ಒಳಗಿನ ಬೋರ್ಡೋ ದ್ರಾವಣವೇ (ಕೊಳೆಗೆ ಹೊಡೆಯುವ ಮೈಲುತುತ್ತು-ಸುಣ್ಣದ ಔಷಧಿ) ಮುಕ್ಕಾಲು ಕೆಜಿ ಆಗುತ್ತದೆ. ಅದನ್ನು ಹೊತ್ತು ನೂರಾರು ಮರ ಸುತ್ತಬೇಕು. ಕೊನೆ, ಅಂದರೆ ಅಡಿಕೆ ಗೊನೆ, ಇರುವುದು ಸೋಗೆಯ ಕೆಳಗೆ, ದೋಟಿ ಹಿಡಿಯುವುದು ಸೊಂಟದ ಮೇಲೆ, ಹಾಗಾಗಿ ನಮ್ಮ ತೋಟಕ್ಕೆ 50 ಅಡಿಯದೇ ಸಾಕು ಅಂತ ಅವರೇ ಲೆಕ್ಕ ಹಾಕಿಕೊಟ್ಟರು. ದುಡ್ಡೂ ಉಳಿಯಿತು.

ಹೊರಡುವಾಗ ಬೇಲಿ ಪಕ್ಕದ ಕರೆಂಟಿನ ಲೈನಿನ ಕೆಳಗೆ ನಿಲ್ಲಿಸಿದರು. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ, ತಂತಿಗೆ ತಾಗಿದರೆ ಹಿಡಿದವನ ಜೀವ ಹೋಗುತ್ತದೆ. ಮನೆಗೆ ಬಂದವನೇ ಲೈನಿನ ಹತ್ತಿರದ ಹನ್ನೊಂದು ಮರಕ್ಕೆ ಕೆಂಪು ಬಣ್ಣ ಬಳಿದೆ. ಆ ಮರಗಳಿಗೆ ಇವತ್ತಿಗೂ ದೋಟಿ ಎತ್ತುವುದಿಲ್ಲ.

ಔಷಧಿ ಹೊಡೆಯುವುದರಲ್ಲಿ ದೋಟಿ ನನ್ನ ಕೈಬಿಟ್ಟಿಲ್ಲ. ಮೃಗಶಿರಕ್ಕೆ ಮೊದಲು ಒಂದು ಸಲ, 40-45 ದಿನ ಬಿಟ್ಟು ಮಳೆ ಹೊಳವಾದಾಗ ಇನ್ನೊಂದು ಸಲ, ಯಾರಿಗೂ ಕಾಯದೆ ಮುಗಿಯುತ್ತದೆ.

ಆದರೆ ಮೊದಲ ವರ್ಷದ ಕೊಯ್ಲಿನಲ್ಲಿ ಇದನ್ನು ಯಾಕಾದರೂ ತಂದೆನೋ ಅನ್ನಿಸಿತ್ತು. ದಿನವಿಡೀ ಮೇಲೆ ನೋಡಿ ಕತ್ತು ಹಿಡಿದುಕೊಂಡು ರಾತ್ರಿ ಮಗ್ಗುಲು ಬದಲಿಸಲಾಗುತ್ತಿರಲಿಲ್ಲ. ಅದಕ್ಕಿಂತ ಹೆಚ್ಚು ನೋವಾದದ್ದು ಹದ ತಪ್ಪಿದ್ದಕ್ಕೆ. ಮರ ಹತ್ತಿದವರು ಕಾಯಿ ಮುಟ್ಟಿ ನೋಡಿ ಕೊಯ್ಯುತ್ತಿದ್ದರು, ನನಗೆ ಕೆಳಗಿನಿಂದ ಎಲ್ಲಾ ಕೊನೆಯೂ ಒಂದೇ ಹಸಿರು. ಒಳ್ಳೆ ಬೆಲೆಯ ರಾಶಿ ಅಡಿಕೆಗೆ ಸಲ್ಲಬೇಕಾದ ಎಷ್ಟೋ ಕೊನೆ ಮರದಲ್ಲೇ ಬಲಿತು ಕಡಿಮೆ ಬೆಲೆಯ ಗೊರಬಲಿಗೆ ಹೋಯಿತು. ಇದಕ್ಕೆ ಷಡ್ಡಕರ ಹತ್ತಿರವೂ ಉತ್ತರ ಇರಲಿಲ್ಲ.

ಉತ್ತರ ಇದ್ದದ್ದು ನಮ್ಮ ಹಳೇ ಕೊನೆಗಾರರ ಹತ್ತಿರ. ಎರಡನೇ ವರ್ಷ ಸಂಕೋಚ ಬಿಟ್ಟು ಅವರ ಮನೆಗೆ ಹೋಗಿ ಕೇಳಿದೆ. ಮರುದಿನವೇ ಬಂದರು. "ಗೌಡ್ರೇ, ಬಿಸಿಲು ಬೆನ್ನಿಗೆ ಬರೋ ಹಾಗೆ ನಿಂತ್ಕೊಳ್ಳಿ. ಎದುರು ಬಿಸಿಲಲ್ಲಿ ಎಲ್ಲಾ ಕಪ್ಪೇ ಕಾಣ್ತದೆ" ಅಂದರು. ಹಾಗೆ ನಿಂತು ನೋಡಿದಾಗ ಹಸಿರಿನೊಳಗಿನ ತಿಳಿ ಹಳದಿ ಮೊದಲ ಸಲ ಕಣ್ಣಿಗೆ ಬಿತ್ತು. ಈಗ ಕೊಯ್ಲಿನ ದಿನ ಅವರು ಬುಡದಲ್ಲಿ ನಿಂತು ಕೋಲು ತೋರಿಸುತ್ತಾರೆ, ನಾನು ಮತ್ತು ಮಗ ಇಪ್ಪತ್ತು ಮರಕ್ಕೊಮ್ಮೆ ಕೈ ಬದಲಿಸುತ್ತೇವೆ, ಇನ್ನಿಬ್ಬರು ಬಲೆ ಹಿಡಿಯುತ್ತಾರೆ. ಮರ ಹತ್ತುತ್ತಿದ್ದಾಗ ಕೊಡುತ್ತಿದ್ದ ಕೂಲಿಯನ್ನೇ ಅವರಿಗೆ ಕೊಡುತ್ತೇನೆ. ಆ ಕಣ್ಣಿಗೆ ಅಷ್ಟು ಬೆಲೆ ಇದೆ.

ಸಂಜೆಯ ಕೆಲಸ ನನಗೆ ಇಷ್ಟ. ಜಗಲಿಯಲ್ಲಿ ಕೂತು ತೆಳ್ಳನೆಯ ಕೊಳವೆಯಿಂದ ಶುರು ಮಾಡಿ, ಒಂದೊಂದನ್ನೇ ಎಳೆದು ಒದ್ದೆ ಪಂಚೆ ತುಂಡಿನಲ್ಲಿ ಒರೆಸುತ್ತೇನೆ. ಮರಳಿನ ಒಂದು ಕಣ ಉಳಿದರೂ ಮರುದಿನ ಎಳೆಯುವಾಗ ಕರಕರ ಅನ್ನುತ್ತದೆ. ಔಷಧಿ ಹೊಡೆದ ದಿನ ಕೊಳವೆಗಳನ್ನು ಬಿಗಿಹಿಡಿಯುವ ಲಾಕುಗಳಿಗೆ ಒಳ್ಳೆಯ ನೀರು ಹಾಯಿಸಲೇಬೇಕು. ಮೈಲುತುತ್ತು ಕಬ್ಬಿಣ ತಿನ್ನುತ್ತದೆ. ಎರಡು ದಿನ ಸೋಮಾರಿತನ ಮಾಡಿದ್ದಕ್ಕೆ ಒಂದು ಲಾಕಿನ ಬೋಲ್ಟು ತುಕ್ಕು ಹಿಡಿದು ಮುರಿಯಿತು. ಮಾರಿದವರು ಹೊಸದು ಕಳಿಸಲು ಮೂರು ವಾರ ತಗೊಂಡರು, ಅದೂ ಕೊಯ್ಲಿನ ನಡುವೆ. ಕೊಳ್ಳುವಾಗಲೇ ಎರಡು ಲಾಕು ಹೆಚ್ಚಿಗೆ ತಂದಿಟ್ಟುಕೊಳ್ಳಿ, ಬೋಲ್ಟು ಸ್ಟೇನ್‌ಲೆಸ್ ಸ್ಟೀಲಿನದೇ ಅಂತ ನೋಡಿ.

ತೀರ್ಥಹಳ್ಳಿ ಸುತ್ತಿನವರು ದೋಟಿ ತರುವ ಯೋಚನೆಯಲ್ಲಿದ್ದರೆ, ಪರಿಚಯದವರ ಮೂಲಕ ಹೇಳಿ ಕಳಿಸಿ ನಮ್ಮ ತೋಟಕ್ಕೆ ಬನ್ನಿ. ಪೈಪಿಗೆ ನೀರು ತುಂಬಿಸಿಯೇ ಕೈಗೆ ಕೊಡುತ್ತೇನೆ. ಗಾಳಿ ಇರುವ ಮಧ್ಯಾಹ್ನವೇ ಬನ್ನಿ.